ಕಾಕ್ಕನಾಡ್ ಕಾಗದ: ಅಪ್ಪನ ಜೊತೆ ಜಾಝ್ ಕೇಳಿದ ವರ್ಷ

ವರ್ಷದ ಕೊನೆ ಬಂದರೆ ಎಲ್ಲರೂ ನೋಡಿದ ಸಿನಿಮಾ, ಓದಿದ ಪುಸ್ತಕಗಳ ಪಟ್ಟಿ ಹಾಕುತ್ತಾರೆ. ನನ್ನ ಹತ್ತಿರ ಅಂಥ ಪಟ್ಟಿ ಇಲ್ಲ. 2024ರಲ್ಲಿ ನಾನು ಹೊಸದಾಗಿ ಮಾಡಿದ್ದು ಒಂದೇ ಕೆಲಸ, ಜಾಝ್ ಕೇಳಿದ್ದು. ಅದೂ ಎಂಬತ್ತರ ಹತ್ತಿರ ಬಂದಿರುವ ಅಪ್ಪನ ಜೊತೆ.

ಅಮ್ಮ ಹೋದ ಮೇಲೆ ಅಪ್ಪನನ್ನು ಚಾಮರಾಜಪೇಟೆಯಿಂದ ಇಲ್ಲಿಗೆ ಕರೆದುಕೊಂಡು ಬಂದೆವು. ಬೆಳಗ್ಗೆ ನಾವಿಬ್ಬರೂ ಇನ್ಫೋಪಾರ್ಕಿಗೆ, ಮಗ ಶಾಲೆಗೆ. ಒಂಬತ್ತನೇ ಮಹಡಿಯ ಫ್ಲಾಟಿನಲ್ಲಿ ಅಪ್ಪ ಒಬ್ಬರೇ. ಭಾಷೆ ಬಾರದು, ಕೈಗೆ ಕನ್ನಡ ಪೇಪರ್ ಸಿಗದು. ಕೆಳಗೆ ಸೆಕ್ಯುರಿಟಿ ಚೇಟ್ಟನ್ ಪ್ರೀತಿಯಿಂದ ಮಾತಾಡಿಸಿದರೆ ಇವರು ಕೈ ಮುಗಿದು ಸುಮ್ಮನಾಗುತ್ತಿದ್ದರು. ಬರಬರುತ್ತಾ ನಮ್ಮ ಜೊತೆಗೂ ಮಾತು ಕಡಿಮೆಯಾಯಿತು. 'ಊಟ ಆಯ್ತಾ ಅಪ್ಪ?' ಅಂದರೆ 'ಹೂಂ'. ಅಷ್ಟೇ. ಪರವೂರಿಗೆ ಅಪ್ಪ ಅಮ್ಮನನ್ನು ಕರೆಸಿಕೊಂಡ ನಿಮ್ಮಲ್ಲಿ ಎಷ್ಟೋ ಜನರಿಗೆ ಈ 'ಹೂಂ' ಗೊತ್ತಿರುತ್ತದೆ.

ಫೆಬ್ರವರಿ 5, ಸೋಮವಾರ ಬೆಳಗ್ಗೆ. ದೋಸೆ ಹುಯ್ಯುತ್ತಾ ಫೋನಿನಲ್ಲಿ ಬಂದ ಸುದ್ದಿಯನ್ನು ಜೋರಾಗಿ ಓದಿದೆ: 'ಶಕ್ತಿ' ತಂಡದ 'ದಿಸ್ ಮೊಮೆಂಟ್' ಆಲ್ಬಮ್ಮಿಗೆ ಗ್ರ್ಯಾಮಿ. ಜಾಕಿರ್ ಹುಸೇನ್, ಶಂಕರ್ ಮಹಾದೇವನ್, ಪಿಟೀಲಿಗೆ ಗಣೇಶ್ ರಾಜಗೋಪಾಲನ್, ಸೆಲ್ವಗಣೇಶ್, ಗಿಟಾರಿಗೆ ಜಾನ್ ಮೆಕ್‌ಲಾಫ್ಲಿನ್. ಅಪ್ಪ ಕಾಫಿ ಲೋಟ ಕೆಳಗಿಟ್ಟರು.

'ಸೆಲ್ವಗಣೇಶ್ ಅಂದ್ರೆ ವಿಕ್ಕು ವಿನಾಯಕರಾಮ್ ಮಗ ಕಣೇ. ಮೊದಲು ಆ ತಂಡದಲ್ಲಿ ಅವರಪ್ಪ ಘಟ ನುಡಿಸ್ತಿದ್ರು.' ಒಂದು ಕ್ಷಣ ಬಿಟ್ಟು ಹೇಳಿದರು: 'ಹೋದ ವರ್ಷ ಬೆಂಗಳೂರಿಗೆ ಬಂದಿದ್ರಲ್ಲ.'

ಬಂದಿದ್ದರು. 2023ರ ಜನವರಿಯಲ್ಲಿ, ಐವತ್ತನೇ ವರ್ಷದ ಪ್ರವಾಸದಲ್ಲಿ. ಅಪ್ಪ ಆಗಲೇ ಫೋನ್ ಮಾಡಿ ಹೋಗೋಣವಾ ಅಂತ ಕೇಳಿದ್ದರು. ಟಿಕೆಟ್ಟಿನ ಬೆಲೆ ನೋಡಿ, ರಜೆ ಲೆಕ್ಕ ಹಾಕಿ, 'ಇನ್ನೊಂದು ಸಲ ಬಂದಾಗ ನೋಡೋಣ ಅಪ್ಪ' ಅಂದಿದ್ದೆ. ಅವರು ಅದನ್ನು ಎತ್ತಿ ಆಡಲಿಲ್ಲ, ಬರೀ ನೆನಪು ಮಾಡಿಕೊಂಡರು. ನನಗೆ ಮಾತ್ರ ಅದು ಚುಚ್ಚಿತು.

ಅಪ್ಪ ಹುಡುಗನಾಗಿದ್ದಾಗ ಆರು ವರ್ಷ ಮೃದಂಗ ಕಲಿತಿದ್ದರು. ಬ್ಯಾಂಕ್ ಕೆಲಸ ಸಿಕ್ಕಿತು, ಊರೂರಿಗೆ ವರ್ಗವಾಯಿತು, ಮೃದಂಗ ಅಟ್ಟ ಸೇರಿತು. ಗ್ರ್ಯಾಮಿಯವರು ಬಹುಮಾನ ಕೊಟ್ಟಿದ್ದು 'ಗ್ಲೋಬಲ್ ಮ್ಯೂಸಿಕ್' ವಿಭಾಗದಲ್ಲಿ. ಆದರೆ ಮೆಕ್‌ಲಾಫ್ಲಿನ್ ಜಾಝ್‌ನವರು, ಮೈಲ್ಸ್ ಡೇವಿಸ್ ಜೊತೆ ನುಡಿಸಿದವರು. ಆ ಎಳೆ ಹಿಡಿದು ಅಪ್ಪನಿಗೆ ಜಾಝ್ ಕೇಳಿಸೋಣ ಅನ್ನಿಸಿತು. ನನಗೂ ಅದು ಹೊಸದೇ.

ಶುರುವಾಗಿದ್ದು ಕಾರಿನಲ್ಲಿ. ಸೀಪೋರ್ಟ್ ಏರ್‌ಪೋರ್ಟ್ ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಡೇವ್ ಬ್ರೂಬೆಕ್ ತಂಡದ 'ಟೇಕ್ ಫೈವ್' ಹಾಕಿದೆ. 1959ರ ಆಲ್ಬಮ್ಮಿನದು, ಜಾಝ್ ಕೇಳದವರೂ ಕೇಳಿರುವಂಥದ್ದು. ಅಪ್ಪ ಕಿಟಕಿಯಾಚೆ ನೋಡುತ್ತಾ ತೊಡೆಯ ಮೇಲೆ ಬೆರಳಾಡಿಸಿದರು. ಮುಗಿದ ಮೇಲೆ, 'ಐದು ಅಕ್ಷರ. ನಮ್ಮ ಖಂಡ ಚಾಪು. ಆದ್ರೆ ತಿರುಗಿಸಿ ಹಾಕಿದಾರೆ' ಅಂದರು. ನಮ್ಮದು ಎರಡು, ಮೂರು: ತಕ ತಕಿಟ. ಅವರದು ಮೂರು, ಎರಡು: ತಕಿಟ ತಕ. ಅದೇ ಆಲ್ಬಮ್ಮಿನ 'ಬ್ಲೂ ರಾಂಡೊ' ಹಾಕಿದೆ. ಒಂಬತ್ತು: ತಕ ತಕ ತಕ ತಕಿಟ. ಸಿಗ್ನಲ್ ಹಸಿರಾದರೂ ನಾನು ಎಣಿಸುತ್ತಲೇ ಕೂತಿದ್ದೆ, ಹಿಂದಿನವನು ಹಾರ್ನ್ ಹೊಡೆದ.

ಆಮೇಲೆ ಓದಿದಾಗ ತಿಳಿಯಿತು, ಬ್ರೂಬೆಕ್ 1958ರಲ್ಲಿ ಭಾರತಕ್ಕೆ ಬಂದಿದ್ದಾಗ ಮದ್ರಾಸಿನಲ್ಲಿ ಮೃದಂಗ ವಿದ್ವಾನ್ ಪಾಲ್ಘಾಟ್ ರಘು ಅವರ ಜೊತೆ ಕೂತು ನುಡಿಸಿದ್ದರು. ಇದನ್ನು ಹೇಳಿದಾಗ ಅಪ್ಪ, 'ಪಾಲಕ್ಕಾಡು ಇಲ್ಲಿಂದ ಎಷ್ಟು ದೂರ?' ಅಂತ ಕೇಳಿದರು. ಕೇರಳದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು.

ಜಾಝ್ ಅಂದರೆ ತಲೆಬುಡ ತಿಳಿಯದ ಗದ್ದಲ ಅಂದುಕೊಂಡಿದ್ದವಳು ನಾನು. ಅಪ್ಪ ಬಿಡಿಸಿ ಹೇಳಿದರು. ಮೊದಲು ಎಲ್ಲರೂ ಸೇರಿ ಒಂದು ಧಾಟಿ ನುಡಿಸುತ್ತಾರೆ, ಅದು ನಮ್ಮ ಪಲ್ಲವಿ ಇದ್ದ ಹಾಗೆ. ಆಮೇಲೆ ಒಬ್ಬೊಬ್ಬರೂ ತಮ್ಮ ಸರದಿಯಲ್ಲಿ ಮನೋಧರ್ಮ ಬೆಳೆಸುತ್ತಾರೆ. ಕಲ್ಪನಾಸ್ವರ ಹಾಡುವವರಿಗೆ ತಾಳದ ಆವರ್ತ ಹೇಗೋ ಹಾಗೆ ಇವರಿಗೆ ಒಂದು ಸುತ್ತಿನ ಲೆಕ್ಕ ಒಳಗೇ ಓಡುತ್ತಿರುತ್ತದೆ. ಡ್ರಮ್ಸ್ ಮತ್ತು ಸ್ಯಾಕ್ಸೊಫೋನ್ ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ಮಾತಾಡುವುದೂ ಉಂಟು, ತನಿ ಆವರ್ತನದಲ್ಲಿ ಮೃದಂಗ, ಘಟ ಸವಾಲು ಜವಾಬು ಮಾಡುವಂತೆ. ಕೊನೆಗೆ ಎಲ್ಲರೂ ಪಲ್ಲವಿಗೆ ಬರುತ್ತಾರೆ. ಇಷ್ಟು ಗೊತ್ತಾದ ಮೇಲೆ ಗದ್ದಲದೊಳಗೆ ದಾರಿ ಕಾಣಿಸಿತು.

ಮಳೆಗಾಲದಲ್ಲಿ ಮೈಲ್ಸ್ ಡೇವಿಸರ 'ಕೈಂಡ್ ಆಫ್ ಬ್ಲೂ'. ಅದೂ 1959ರದ್ದೇ, ಎರಡೇ ದಿನದಲ್ಲಿ ರೆಕಾರ್ಡ್ ಮಾಡಿದ್ದು. ಡೇವಿಸ್ ಪೂರ್ತಿ ಬರೆದುಕೊಡದೆ ಬರೀ ಸ್ವರಗಳ ಒಂದು ಚೌಕಟ್ಟು ಕೊಟ್ಟು ನುಡಿಸಲು ಬಿಟ್ಟರಂತೆ. 'ರಾಗ ಹೇಳಿ ಬಿಟ್ಟ ಹಾಗೆ' ಅಂದರು ಅಪ್ಪ. ಹೊರಗೆ ಧೋ ಎಂದು ಮಳೆ, ಒಳಗೆ ಆ ಟ್ರಂಪೆಟ್. ಅವತ್ತು ಕರೆಂಟು ಹೋದಾಗ ನಿಜಕ್ಕೂ ಬೇಜಾರಾಯಿತು.

ಈ ಹುಡುಕಾಟದಲ್ಲೇ 'ಜ್ಯೋತಿ' ಸಿಕ್ಕಿತು. ಜರ್ಮನಿಯ ಇಸಿಎಂ ಸಂಸ್ಥೆ 1983ರಲ್ಲಿ ಹೊರತಂದ ಆಲ್ಬಮ್. ಅದರ ಮೇಲಿರುವ ಹೆಸರುಗಳು: ಚಾರ್ಲಿ ಮರಿಯಾನೊ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ನಮ್ಮ ಬೆಂಗಳೂರಿನದೇ! ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಶಾಲೆ. ಹಾಡಿದವರು ಅವರ ಪತ್ನಿ ಆರ್.ಎ. ರಮಾಮಣಿ. ಮರಿಯಾನೊ ಬಾಸ್ಟನ್ನಿನವರು, ಚಾರ್ಲ್ಸ್ ಮಿಂಗಸ್ ತಂಡದಲ್ಲಿ ಸ್ಯಾಕ್ಸೊಫೋನ್ ನುಡಿಸಿದವರು, ನಮ್ಮ ನಾದಸ್ವರವನ್ನೂ ಕಲಿತವರು. ಅವರ ಸ್ಯಾಕ್ಸೊಫೋನ್ ಮತ್ತು ರಮಾಮಣಿಯವರ ಕಂಠ ಒಂದರ ಹೆಗಲ ಮೇಲೆ ಇನ್ನೊಂದು ಕೈಯಿಟ್ಟು ನಡೆಯುತ್ತವೆ. ಯಾರೂ ಯಾರಿಗಾಗಿಯೂ ತಮ್ಮದನ್ನು ಬಿಟ್ಟುಕೊಡುವುದಿಲ್ಲ.

ನಾನು ಹುಟ್ಟಿ ಬೆಳೆದ ಊರಿನವರು ಲೋಕದ ಜಾಝ್‌ನವರ ಜೊತೆ ಸಮಸಮ ಕೂತು ನುಡಿಸಿದ್ದು ನನಗೆ ಗೊತ್ತಾಗಿದ್ದು ಕಾಕ್ಕನಾಡಿನಲ್ಲಿ, ನಲವತ್ತು ವರ್ಷ ತಡವಾಗಿ. ಅಪ್ಪನಿಗೆ ಮಣಿಯವರ ಹೆಸರು ಮೊದಲೇ ಗೊತ್ತಿತ್ತು. 'ಯಾವತ್ತೂ ಹೇಳಲೇ ಇಲ್ವಲ್ಲ ಅಪ್ಪ' ಅಂದೆ. 'ನೀನು ಕೇಳಲೇ ಇಲ್ವಲ್ಲ' ಅಂದರು. ನಗುತ್ತಲೇ ಅಂದಿದ್ದು, ಆದರೂ ನಿಜ.

ವೃಶ್ಚಿಕ ಮಾಸದಲ್ಲಿ ಪಕ್ಕದ ತೃಪ್ಪುಣಿತ್ತುರದಲ್ಲಿ ಪೂರ್ಣತ್ರಯೀಶ ದೇವಸ್ಥಾನದ ಉತ್ಸವ. ಅಪ್ಪ ತಾವಾಗೇ ಬರುತ್ತೇನೆಂದರು. ಆನೆಗಳ ಮುಂದೆ ಚೆಂಡೆ, ಇಲತ್ತಾಳಂ, ಕೊಂಬು, ಕುಳಲ್. ಪಂಚಾರಿ ಮೇಳ 96 ಅಕ್ಷರಗಳ ಆವರ್ತದಿಂದ ಶುರುವಾಗಿ 48, 24, 12 ಅಂತ ಅರ್ಧರ್ಧ ಆಗುತ್ತಾ ಕೊನೆಗೆ ಆರಕ್ಕೆ ಬರುತ್ತದೆ. ಆವರ್ತ ಚಿಕ್ಕದಾದಂತೆ ವೇಗ ಏರುತ್ತದೆ. ಸುತ್ತಲಿದ್ದವರೆಲ್ಲ ಕೈ ಮೇಲೆತ್ತಿ ತಾಳ ಹಾಕುತ್ತಿದ್ದರು. ಪಕ್ಕದಲ್ಲಿದ್ದ ಅಪರಿಚಿತ ಅಜ್ಜ ಅಪ್ಪನ ಕಡೆ ನೋಡಿ ತಲೆದೂಗಿದರು, ಅಪ್ಪನೂ ಕೈಯೆತ್ತಿದರು. ಒಂದೇ ಒಂದು ಮಾತಿಲ್ಲದೆ ಒಂದು ಗಂಟೆ ಇಬ್ಬರೂ ಮಾತಾಡಿಕೊಂಡರು.

ಅದಾಗಿ ಸ್ವಲ್ಪ ದಿನಕ್ಕೆ, ಡಿಸೆಂಬರ್ 15ರ ಭಾನುವಾರ ರಾತ್ರಿ, ಜಾಕಿರ್ ಹುಸೇನ್ ಬಗ್ಗೆ ಸುದ್ದಿ ಬಂತು. ಹೋದರು ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಅಪ್ಪ ಟಿವಿ ಮುಂದಿನಿಂದ ಏಳಲಿಲ್ಲ. ಸೋಮವಾರ ಬೆಳಗ್ಗೆ ಖಚಿತವಾಯಿತು: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, 73ನೇ ವಯಸ್ಸಿಗೆ. ಫೆಬ್ರವರಿಯಲ್ಲಿ ಒಂದೇ ರಾತ್ರಿ ಮೂರು ಗ್ರ್ಯಾಮಿ ಪಡೆದವರು ವರ್ಷ ಮುಗಿಯುವ ಮೊದಲೇ ಇಲ್ಲ. 'ನನಗಿಂತ ಚಿಕ್ಕವನು ಕಣೇ' ಅಂದರು ಅಪ್ಪ. ನಾನು ಹೇಳಿದ್ದ 'ಇನ್ನೊಂದು ಸಲ' ಇನ್ನು ಬರುವುದಿಲ್ಲ.

ಅವತ್ತು ರಜೆ ಹಾಕಿದೆ. ಮಧ್ಯಾಹ್ನ ಅಪ್ಪ ಊಟದ ಮೇಜಿನ ಅಂಚಿನಲ್ಲಿ ತುಂಬಾ ಹೊತ್ತು ಬೆರಳಲ್ಲಿ ಏನೋ ನುಡಿಸುತ್ತಿದ್ದರು. ಆಮೇಲೆ ಕೇಳಿದರು: 'ಅಟ್ಟದ ಮೇಲಿನ ಮೃದಂಗ ಇದೆಯೇನೇ?'

ಇತ್ತು. ತಮ್ಮ ಕಳೆದ ವಾರ ಬಸ್ಸಿಗೆ ಹಾಕಿ ಕಳಿಸಿದ. ಹಲಸಿನ ಮರ ಗಟ್ಟಿಯಾಗಿದೆ, ಚರ್ಮ ಎರಡೂ ಕಡೆ ಹೋಗಿದೆ. ಪಾಲಕ್ಕಾಡಿನ ಹತ್ತಿರ ಪೆರುವೆಂಬ ಅಂತ ಊರಿದೆ, ಮೃದಂಗ, ಚೆಂಡೆ ಕಟ್ಟುವವರ ಊರು. ಹೊಸ ಚರ್ಮ ಹಾಕಿಸಬೇಕು. ಆಫೀಸಿನಲ್ಲಿ ಈ ತಿಂಗಳು ವಿಪರೀತ ಕೆಲಸ. ಆದರೂ ಶನಿವಾರವೇ ಹೊರಡುತ್ತಿದ್ದೇವೆ. ದಾರಿಗೆ ಯಾವ ಹಾಡು ಅಂತ ಅಪ್ಪ ಈಗಾಗಲೇ ಹೇಳಿದ್ದಾರೆ: 'ಜ್ಯೋತಿ' ಮೊದಲು, ಆಮೇಲೆ ಆ ಐದಕ್ಷರದ್ದು.