ಗಾಬರಿಗೂ ಒಂದು ಕಥೆ ಬೇಕು

ಕಳೆದ ಕಿರುಪರೀಕ್ಷೆಯಲ್ಲಿ ಲೆಕ್ಕಶಾಸ್ತ್ರದ ಪ್ರಶ್ನೆಪತ್ರಿಕೆ ನೋಡುತ್ತಿದ್ದಂತೆ ನನ್ನ ಕೈ ನಡುಗಿತು, ಎದೆ ಹೊಡೆದುಕೊಂಡಿತು. ಓದಿದ್ದೆ, ಆದರೂ ಪೆನ್ನು ಓಡಲಿಲ್ಲ. ಮನೆಯಲ್ಲಿ ಹೇಳಿದಾಗ ಅಮ್ಮಿ ತಲೆ ಸವರಿದರು. ಅಬ್ಬಾ ಮಾತ್ರ, "ಗಂಡು ಹುಡುಗ ಹೀಗೆಲ್ಲ ಹೆದರುತ್ತಾನಾ?" ಎಂದು ಎದ್ದುಹೋದರು. ಆಮೇಲೆ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು.

ನಂಗಲಿಯಲ್ಲಿ ಇದಕ್ಕೆ ಪದದ ಕೊರತೆಯಿಲ್ಲ. ನಮ್ಮ ಮನೆಯ ಉರ್ದುವಿನಲ್ಲಿ ಘಬ್ರಾಹಟ್, ತರಗತಿಯ ಕನ್ನಡದಲ್ಲಿ ಗಾಬರಿ, ಪಲಮನೇರು ಕಡೆಯವರ ತೆಲುಗಿನಲ್ಲಿ ಗಾಬರಾ. ಕೊರತೆ ಇರುವುದು ಕಥೆಗೆ. ನಮ್ಮ ಗ್ರಂಥಾಲಯದಲ್ಲಿ ಮಕ್ಕಳ ನೀತಿಕಥೆಗಳಿವೆ, ದೊಡ್ಡವರ ಕಾದಂಬರಿಗಳಿವೆ. ಹದಿನೇಳು ವರ್ಷದವರಿಗೆಂದು ಇರುವುದು ಗೈಡುಗಳು ಮಾತ್ರ.

ನಾನು ಕನ್ನಡ ಮಾತಾಡಿದರೆ ಬಸ್ಸಿನಲ್ಲಿ, "ನಿಮಗೆ ಇಷ್ಟು ಚೆನ್ನಾಗಿ ಕನ್ನಡ ಬರುತ್ತಾ?" ಎನ್ನುತ್ತಾರೆ. ಮದುವೆ ಮನೆಗೆ ಹೋದರೆ ನೆಂಟರು, "ನಿನ್ನ ಉರ್ದು ಕೆಟ್ಟುಹೋಗಿದೆ" ಎನ್ನುತ್ತಾರೆ. ಹಾಗಾದರೆ ನಾನು ಯಾವ ಕಡೆಯವನು? ನಮ್ಮದೇ ಜಿಲ್ಲೆಯ ಮಾಸ್ತಿಯವರ ಮನೆಮಾತು ತಮಿಳು, ಬರೆದದ್ದು ಕನ್ನಡ. ಬಾನು ಮುಷ್ತಾಕ್ ಅವರ ಮನೆಮಾತು ಉರ್ದು. ಎಂಟನೇ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡಿದ್ದು ಆರು ತಿಂಗಳಲ್ಲಿ ಕನ್ನಡ ಕಲಿಯಬೇಕೆಂಬ ಷರತ್ತಿನ ಮೇಲೆ. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಿಸಿದವರು ದೀಪಾ ಭಾಸ್ತಿ. ಕನ್ನಡಕ್ಕೆ ಅದೇ ಮೊದಲು.

ಬಾನು ಅವರ ‘ಎದೆಯ ಹಣತೆ’ ಕಥೆಯಲ್ಲಿ ಗಂಡ ಕೈಬಿಟ್ಟು, ತವರೂ ಆಸರೆ ಕೊಡದೆ, ಬದುಕೇ ಬೇಡವೆಂದು ಹೊರಟ ತಾಯಿಯನ್ನು ಹಿರಿಯ ಮಗಳು ತಡೆಯುತ್ತಾಳೆ. ಒಂದು ರಾತ್ರಿ ಆ ಕಥೆಯನ್ನು ಅಮ್ಮಿಗೆ ಉರ್ದುವಿನಲ್ಲಿ ಹೇಳುತ್ತಿದ್ದೆ. ಅಬ್ಬಾ ಟಿವಿ ಸದ್ದು ಕಡಿಮೆ ಮಾಡಿದರು. ಮುಗಿದ ಮೇಲೆ, "ಆ ಹುಡುಗಿಗೆ ಆಮೇಲೆ ಏನಾಯಿತು?" ಎಂದು ಕೇಳಿದರು. ಬಹಳ ದಿನಗಳ ಮೇಲೆ ಅವರು ನನ್ನನ್ನು ಕೇಳಿದ ಪ್ರಶ್ನೆ ಅದು.

ನನಗೆ ಉತ್ತರ ಗೊತ್ತಿರಲಿಲ್ಲ. ಅದು ತಾಯಿಯ ಕಥೆ. ಮಗಳ ಕಥೆಯನ್ನು ಅವಳಂಥವರೇ, ಅಂದರೆ ನಾವೇ ಬರೆಯಬೇಕು. ಬರೆಯುವಾಗ ಅಪ್ಪಂದಿರನ್ನು ಖಳನಾಯಕರಾಗಿ ಮಾಡುವುದು ಸುಲಭ. ಆದರೆ ಮಂಡಿಯಲ್ಲಿ ಟೊಮೆಟೊ ಹರಾಜು ಕೂಗುವಾಗ ಅಬ್ಬಾನ ಮುಖವನ್ನು ನಾನು ನೋಡಿದ್ದೇನೆ. ಅದೂ ಗಾಬರಿಯೇ. ಅವರಿಗೆ ಅದನ್ನು ಹೇಳಿಕೊಳ್ಳಲು ಯಾರೂ ಕಲಿಸಲಿಲ್ಲ, ಅಷ್ಟೇ.

"ಕಥೆ ಓದಿದರೆ ಗಾಬರಿ ಹೋಗುತ್ತಾ?" ಎಂದು ಗೆಳೆಯನೊಬ್ಬ ನಕ್ಕ. ನನ್ನದು ಹೋಗಿಲ್ಲ. ಕಥೆ ಔಷಧಿಯಲ್ಲ. ತೀರಾ ಕಷ್ಟವಾದರೆ ಉಪನ್ಯಾಸಕರಿಗೆ ಹೇಳಬೇಕು, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಆದರೆ ಹೇಳಲು ಬಾಯಿ ಬರಬೇಕಲ್ಲ? ನಮ್ಮ ಮನೆಯಲ್ಲಿ ಬಾಯಿ ತೆರೆಸಿದ್ದು ಕಥೆಯೇ.

ಆದ್ದರಿಂದ ನನ್ನ ಮನವಿ ಎರಡು. ಗ್ರಂಥಾಲಯದಲ್ಲಿ ನಮ್ಮ ವಯಸ್ಸಿನವರ ಕಥೆಗಳಿಗೆ ಒಂದು ಕಪಾಟು ಇಡಿ. ಈ ಪತ್ರಿಕೆಯಲ್ಲಿ ಪ್ರತಿ ಸಂಚಿಕೆಗೂ ನಮ್ಮ ಕಥೆಗೆ ಒಂದು ಪುಟ ಕೊಡಿ, ಬೇಡವೆಂದವರ ಹೆಸರು ಹಾಕಬೇಡಿ. ಮೊದಲ ಕಥೆ ನಾನು ಕೊಡುತ್ತೇನೆ. ಹೆಸರು ಹಾಕಿಯೇ ಕೊಡುತ್ತೇನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ