ಬರ್ಲಿನ್ನಿನ ಶಿಲಾಫಲಕ

ಬರ್ಲಿನ್ ನಗರಕ್ಕೆ ಹೋಗುವ ನಮ್ಮ ಪ್ರವಾಸಿಗಳು ಅಲ್ಲಿಯ ಒಲಿಂಪಿಕ್ ಕ್ರೀಡಾಂಗಣದ ವೈಭವವನ್ನು ಕಂಡು ಬೆರಗಾಗಿ ಹಿಂದಿರುಗಿದರೆ ಸಾಲದು. ಮ್ಯಾರಥಾನ್ ದ್ವಾರದಲ್ಲಿ ಕೆತ್ತಿರುವ ವಿಜೇತರ ಹೆಸರುಗಳನ್ನೂ ಓದತಕ್ಕದ್ದು. 1936ರಲ್ಲಿ ಹಿಟ್ಲರನ ಸರಕಾರವು ತನ್ನ ಹಿರಿಮೆಯನ್ನು ಲೋಕಕ್ಕೆ ಸಾರಲೆಂದು ನಡೆಸಿದ ಆ ಕೂಟದಲ್ಲಿ ಮ್ಯಾರಥಾನ್ ಗೆದ್ದವನು ಸೋನ್ ಕೀ-ಚುಂಗ್. ಫಲಕವು ಅವನ ದೇಶವನ್ನು ಜಪಾನ್ ಎನ್ನುತ್ತದೆ. ಅವನಾದರೋ ಜಪಾನಿನ ಆಳ್ವಿಕೆಗೆ ಸಿಕ್ಕಿದ್ದ ಕೊರಿಯಾದವನು! ಅವನ ಎದೆಯ ಮೇಲಿನ ಜಪಾನೀ ಧ್ವಜವನ್ನು ಚಿತ್ರದಲ್ಲಿ ಅಳಿಸಿ ಅಚ್ಚುಮಾಡಿದ ಕೊರಿಯನ್ ಪತ್ರಿಕೆಯೊಂದನ್ನು ಅಧಿಕಾರಿಗಳು ತಿಂಗಳುಗಟ್ಟಲೆ ನಿಲ್ಲಿಸಿಬಿಟ್ಟರು.

ಈ ನೋವು ನಮಗೆ ಅಪರಿಚಿತವಲ್ಲ. ಅದೇ ಕೂಟದಲ್ಲಿ, ಸಮೀಪದ ಹಾಕಿ ಅಂಗಣದಲ್ಲಿ, ಆಗಸ್ಟ್ 15ರಂದು ಧ್ಯಾನಚಂದರ ತಂಡವು ಜರ್ಮನಿಯನ್ನು 8-1ರಿಂದ ಸೋಲಿಸಿದಾಗ ನಮ್ಮ ದೇಶವೂ ಪರರ ಅಧೀನದಲ್ಲಿತ್ತು. ಬೆವರು ಓಡಿದವನದು, ಕೀರ್ತಿ ಆಳಿದವನದು, ಪಾರತಂತ್ರ್ಯವೆಂದರೆ ಇದೇ.

1970ರಲ್ಲಿ ಕೊರಿಯಾದ ಶಾಸಕರೊಬ್ಬರು ಆ ಅಕ್ಷರಗಳನ್ನು ಕೆತ್ತಿ ತೆಗೆದರು. ಅವನ್ನು ಪುನಃ ಕೆತ್ತಿಸಲಾಯಿತು. ಆದರೆ 1988ರಲ್ಲಿ ಸಿಯೋಲ್ ಒಲಿಂಪಿಕ್ ಕೂಟ ನಡೆದಾಗ, ಸ್ವದೇಶದ ಕ್ರೀಡಾಂಗಣದೊಳಕ್ಕೆ ಜ್ಯೋತಿಯನ್ನು ಹಿಡಿದು ಬಂದವನು ಮುದುಕನಾಗಿದ್ದ ಅದೇ ಸೋನ್. ಕಲ್ಲು ಸುಳ್ಳು ನುಡಿಯಬಹುದು. ಅದನ್ನು ಓದುವವರು ಸತ್ಯವನ್ನರಿತು ಓದಬೇಕೆಂಬುದೇ ನಮ್ಮ ಅಭಿಪ್ರಾಯ.