ಕಪ್ಪು ಕೇಸರದ ಬಿಸಿ

ಸಿಂಹದ ಕೇಸರ ಕಾಳಗದಲ್ಲಿ ಕುತ್ತಿಗೆ ಕಾಯುವ ಗುರಾಣಿ ಎಂದೇ ನಂಬಿದ್ದೆ. ಸೆರೆಂಗೆಟಿಯಲ್ಲಿ ಪೇಟನ್ ವೆಸ್ಟ್, ಕ್ರೇಗ್ ಪ್ಯಾಕರ್ ಬೊಂಬೆ ಸಿಂಹಗಳನ್ನಿಟ್ಟು ನಡೆಸಿ, 2002ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಹೆಣ್ಣುಗಳು ಕಪ್ಪು ಕೇಸರದ ಬೊಂಬೆಯತ್ತ ಬಂದವು; ಗಂಡುಗಳು ಅದರಿಂದ ದೂರ ಉಳಿದವು. ಕಪ್ಪು ಕೇಸರವೆಂದರೆ ಚೆನ್ನಾಗಿ ಉಂಡ, ಗಟ್ಟಿಗ ಗಂಡಿನ ಗುರುತು. ಆದರೆ ದಂಡವೂ ಇದೆ: ಮೈ ಹೆಚ್ಚು ಕಾಯುತ್ತದೆ, ವೀರ್ಯಾಣುಗಳಲ್ಲಿ ದೋಷ ಹೆಚ್ಚು.

ಕೀನ್ಯಾದ ತ್ಸಾವೋದ ಬಿಸಿಲಲ್ಲಿ ಎಷ್ಟೋ ಗಂಡುಗಳಿಗೆ ಕೇಸರವೇ ಇಲ್ಲ. ಆದರೂ ಗುಂಪಿಗೆ ಅವೇ ಒಡೆಯರು!

ನಮ್ಮಲ್ಲಿ ಮಾತ್ರ, ಏಪ್ರಿಲ್ ಬಿಸಿಲಲ್ಲೂ ಪ್ಲೇಸ್‌ಮೆಂಟ್‌ಗೆ ಬ್ಲೇಜರ್ ಕಡ್ಡಾಯ. ಹೀಟ್ ಟ್ರಾನ್ಸ್‌ಫರ್ ಓದಿದ ಸೀನಿಯರ್‌ಗಳೇ ಬಾಡಿಗೆ ಕೋಟು ತೊಟ್ಟು ಸಾಲಿನಲ್ಲಿ ಬೆವರುತ್ತಾರೆ. ಸಿಂಹಕ್ಕೆ ಕೇಸರವಾದರೂ ಸ್ವಂತದ್ದು. ಈ ನಿಯಮ ಹೋಗಲಿ. ಅಂಗಿ ತೋಳು ಮಡಿಚಿಯೂ ಪ್ರಶ್ನೆಗೆ ಉತ್ತರ ಹೇಳಬಹುದು.